ಹಿನ್ನೀರು ದಾಟಿದ ಢಾಬಾ ಟೇಬಲ್

ಹುಮನಾಬಾದಿನ ಹೊರಗೆ ಹೈವೇ ಪಕ್ಕದಲ್ಲಿ ಒಂದು ಢಾಬಾ ಇದೆ. ಬ್ಯಾಂಕಿನ ಬಾಗಿಲು ಕಾಯುವ ನನ್ನ ಕೆಲಸ ಮುಗಿದು, ಬಸವಕಲ್ಯಾಣದ ಬಸ್ಸು ಕೈಕೊಟ್ಟ ದಿನ ಅಲ್ಲಿ ಕುಳಿತು ದಾಲು ರೊಟ್ಟಿ ತಿನ್ನುವುದುಂಟು. ಹೋದ ಬೇಸಿಗೆಯ ಒಂದು ಸಂಜೆ ಹೊರಗಿನ ಉದ್ದನೆಯ ಟೇಬಲ್ಲಿಗೆ ಕುಳಿತಿದ್ದೆ. ತಿನ್ನುತ್ತ ತಿನ್ನುತ್ತ ಎಡಗೈಯ ಬೆರಳು ಟೇಬಲ್ಲಿನ ನಡುವೆ ಇದ್ದ ಒಂದು ಉದ್ದ ಸೀಳಿನೊಳಗೆ ಹೋಯಿತು. ಢಾಬಾದವರು ಒರೆಸುವಾಗ ರೊಟ್ಟಿ ಚೂರು, ಮೆಣಸಿನಕಾಯಿ ತೊಟ್ಟು ಎಲ್ಲವನ್ನೂ ಆ ಸೀಳಿಗೇ ತಳ್ಳುತ್ತಿದ್ದರು, ಕಸ ಸೀದಾ ನೆಲಕ್ಕೆ ಬೀಳುತ್ತಿತ್ತು. ಎಂಥ ತಲೆ ಓಡಿಸಿ ಮಾಡಿಸಿದ್ದಾರಪ್ಪ ಅಂತ ಮೆಚ್ಚಿಕೊಳ್ಳುವಷ್ಟರಲ್ಲಿ ಆ ಸೀಳು ನನ್ನ ಬೆರಳಿಗೆ ಗುರುತು ಸಿಕ್ಕಿತು. ಬಗ್ಗಿ ಕೆಳಗೆ ನೋಡಿದೆ. ಎರಡು ಡೀಸೆಲ್ ಡ್ರಮ್ಮಿನ ಮೇಲೆ ಮಲಗಿದ್ದದ್ದು ಟೇಬಲ್ ಅಲ್ಲ, ವಿಂಡ್‌ಸರ್ಫಿಂಗಿನ ಹಲಗೆ.

ವಿಂಡ್‌ಸರ್ಫಿಂಗ್ ಅಂದರೆ ಏನೆಂದು ನಮ್ಮ ಕಡೆ ಯಾರಿಗೂ ಗೊತ್ತಿರಬೇಕಾದ ಕಾರಣವಿಲ್ಲ. ಆಳುದ್ದಕ್ಕಿಂತ ದುಪ್ಪಟ್ಟು ಉದ್ದದ ಒಂದು ಹಲಗೆ, ಅದರ ಮೇಲೆ ಒಂದು ಕಂಬ, ಕಂಬಕ್ಕೆ ಒಂದು ಹಾಯಿ. ಹಲಗೆಯ ಮೇಲೆ ನಿಂತು, ಹಾಯಿಯನ್ನು ಎರಡೂ ಕೈಯಲ್ಲಿ ಹಿಡಿದು, ಗಾಳಿಯ ಜೊತೆ ಜಗ್ಗಾಡುತ್ತ ನೀರಿನ ಮೇಲೆ ಓಡುವುದು. ಗೆದ್ದರೆ ಓಡುತ್ತೀರಿ, ಸೋತರೆ ಈಜುತ್ತೀರಿ. ನಾನು ಮಿಲಿಟರಿಯಲ್ಲಿ ಲಾರಿ ರಿಪೇರಿ ಮಾಡುವವನಾಗಿದ್ದೆ. ಹರೆಯದಲ್ಲಿ ಸಿಕಂದರಾಬಾದಿನಲ್ಲಿದ್ದಾಗ ನಮ್ಮ ಸಾಹೇಬರೊಬ್ಬರಿಗೆ ಯುನಿಟ್ಟಿನ ತಂಡಕ್ಕೆ ಒಬ್ಬ ಹಗುರ ಆಸಾಮಿ ಬೇಕಾಗಿದ್ದ. ನಾನು ಹಗುರವಾಗಿದ್ದೆ, ಬೀಳಲಿಕ್ಕೆ ಅಂಜುತ್ತಿರಲಿಲ್ಲ. ಅಷ್ಟೇ ನನ್ನ ಅರ್ಹತೆ. ಕೆಲವು ವರ್ಷ ಕೆರೆಯ ಮೇಲೆ ಓಡಾಡಿದೆ. ಆಮೇಲೆ ವರ್ಗವಾಗಿದ್ದು ರಾಜಸ್ಥಾನಕ್ಕೆ, ಅಲ್ಲಿ ಕುಡಿಯುವ ನೀರೇ ಲಾರಿಯಲ್ಲಿ ಬರುತ್ತಿತ್ತು.

ಈಗ ಐವತ್ತಾಗಿದೆ, ಹಗುರವೂ ಅಲ್ಲ. ಮುಖಕ್ಕೆ ಕಟ್ಟಿದ ಬಟ್ಟೆ ತೆಗೆಯಿರಿ ಎಂದು ಬ್ಯಾಂಕಿನ ಒಳಗೆ ಹೋಗುವವರಿಗೆ ಹೇಳುವುದು, ಎಟಿಎಂ ಕೆಟ್ಟಿದೆ ಎಂದು ಹೊರಗೆ ಬರುವವರಿಗೆ ಹೇಳುವುದು, ಇದು ನನ್ನ ದೇಶಸೇವೆಯ ಎರಡನೇ ಭಾಗ. ಕೈಯಲ್ಲಿ ಬಂದೂಕು ಇದೆ. ಅದರಿಂದ ಇಲ್ಲಿಯವರೆಗೆ ಬ್ಯಾಂಕಿನ ಹಿತ್ತಲಿನ ಮಂಗ ಕೂಡ ಅಂಜಿಲ್ಲ. ಆ ಹಲಗೆ ನೋಡಿದಾಗ ನನ್ನ ಎದೆ ಹೊಡೆದುಕೊಂಡಿದ್ದು ನಿಜ. ಇಡೀ ನೌಕರಿಯಲ್ಲಿ ಯಾರೂ ನನಗೆ 'ಸಾವಧಾನ್' ಅನ್ನದ ಜಾಗ ಅದೊಂದೇ ಆಗಿತ್ತು. ನನಗೆ ಅದು ಬೇಕಿತ್ತು, ರೊಟ್ಟಿ ಅರ್ಧಕ್ಕೆ ಬಿಟ್ಟು ಬೇಕಿತ್ತು.

ಢಾಬಾದ ಮಾಲೀಕ ಗಲ್ಲೆಯ ಹಿಂದೆ ಕುಳಿತ ದಪ್ಪನೆಯ ಮನುಷ್ಯ. ಹೈದರಾಬಾದಿನಿಂದ ಗುಜರಿ ತುಂಬಿಕೊಂಡು ಬಂದ ಲಾರಿಯೊಂದು ಅವನ ಢಾಬಾದ ಮುಂದೆ ಆ್ಯಕ್ಸಲ್ ಮುರಿದುಕೊಂಡಿತ್ತಂತೆ. ಭಾರ ಕಡಿಮೆ ಮಾಡಲು ಅವರು ಇಳಿಸಿಹೋದ ಸಾಮಾನಿಗೆಲ್ಲ ಅವನು ಕೆಲಸ ಹಚ್ಚಿದ್ದ. ಹಲಗೆ ಟೇಬಲ್ ಆಯಿತು. ಕಂಬ ತಾಡಪಾಲಿನ ಚಪ್ಪರಕ್ಕೆ ಆಸರೆಯಾಯಿತು. ಹಾಯಿ ಕೈ ತೊಳೆಯುವ ಜಾಗಕ್ಕೆ ಪರದೆಯಾಯಿತು. ನೀರಿನಲ್ಲಿ ಮುಳುಗದಂತೆ ತೊಡುವ ಕಿತ್ತಳೆ ಬಣ್ಣದ ಜಾಕೀಟನ್ನು ಮಾಲೀಕ ಸ್ವತಃ ಕುರ್ಚಿಯ ಮೇಲೆ ಹಾಕಿಕೊಂಡು ಕುಳಿತಿದ್ದ. ನಾನು ಇಡೀ ಕಥೆ ಹೇಳಿ, ಇದು ಟೇಬಲ್ ಅಲ್ಲ ಅಂದೆ. ಅವನು ಸಾವಕಾಶ ಕೇಳಿ, ಟೇಬಲ್ಲಾಗಿ ಅದು ಒಂದು ದಿನವೂ ತಪ್ಪು ಮಾಡಿಲ್ಲ ಅಂದ. ಕೊನೆಗೆ ನಾನೇ ಕಬ್ಬಿಣದ ಪಟ್ಟಿ ತಂದು, ಬೆಸುಗೆ ಹಾಕಿ, ಮೇಲೆ ಹೊಳೆಯುವ ತಗಡು ಹೊಡೆದು ಒಂದು ನಿಜವಾದ ಟೇಬಲ್ ಮಾಡಿಕೊಟ್ಟ ಮೇಲೆ ಅವನು ಹಲಗೆಯನ್ನು ಕಂಬ, ಹಾಯಿ, ಜಾಕೀಟು ಸಮೇತ ಕೊಡಲು ಒಪ್ಪಿದ. ಹೊಸ ಟೇಬಲ್ಲಿಗೆ ಸೀಳಿಲ್ಲ ಅಂತ ಈಗಲೂ ಅವನಿಗೆ ನನ್ನ ಮೇಲೆ ಅಸಮಾಧಾನವಿದೆ.

ಹಲಗೆಗೆ ಬಿಳಿ ಬಟ್ಟೆ ಸುತ್ತಿ, ಹಗ್ಗ ಬಿಗಿದು, ಟಮ್‌ಟಮ್ ಆಟೋದ ಮೇಲೆ ಹಾಕಿಕೊಂಡು ನಮ್ಮ ಓಣಿಗೆ ತಂದೆ. ಓಣಿಯ ತುದಿಯ ಹಿರಿಯರೊಬ್ಬರು ಎದ್ದು ನಿಂತು ಟೋಪಿ ತೆಗೆದು, ಯಾರು ಹೋದರು ಅಂತ ಮೆಲ್ಲಗೆ ಕೇಳಿದರು. ಯಾರೂ ಹೋಗಿಲ್ಲ, ಆಟದ ಸಾಮಾನು ಅಂದೆ. ಅವರಿಗೆ ಅದು ಸಾವಿಗಿಂತ ಹೆಚ್ಚಿನ ಸುದ್ದಿಯಾಯಿತು.

ನನ್ನ ಹೆಂಡತಿ ಬಸವಕಲ್ಯಾಣದ ನಮ್ಮ ಮನೆಯ ಮುಂದಿನ ಕೋಣೆಯಲ್ಲಿ ಬ್ಲೌಸ್ ಹೊಲಿಯುವ ಅಂಗಡಿ ಇಟ್ಟಿದ್ದಾಳೆ. ನಾನು ಸೈನ್ಯದಲ್ಲಿದ್ದಷ್ಟು ವರ್ಷವೂ ಮನೆ ನಡೆದದ್ದು ಆ ಮಷೀನಿನ ಮೇಲೆ. ಅವಳು ಹಲಗೆಯನ್ನು ಒಂದು ಸುತ್ತು ಹಾಕಿ ನೋಡಿದಳು, ಬೈಯಲಿಲ್ಲ. ಕೊರಳಲ್ಲಿದ್ದ ಟೇಪು ತೆಗೆದು ಉದ್ದ ಅಳೆದಳು, ಅಗಲ ಅಳೆದಳು, ಅಂಗೈಯಿಂದ ನುಣುಪು ನೋಡಿದಳು. ಅವಳ ಕಟಿಂಗ್ ಟೇಬಲ್ ಗಿಡ್ಡ. ಬಹಳ ದಿನದಿಂದ ಅದರ ಗೋಳು ಇತ್ತು. ನನಗೆ ಎಲ್ಲವೂ ತಿಳಿಯಿತು.

ಸಾಮಾನು ಹಳೆಯದಾದರೂ ನಾನು ಮೆಕ್ಯಾನಿಕ್ಕು. ಕಂಬಕ್ಕೂ ಹಲಗೆಗೂ ನಡುವೆ ಇರುವ ರಬ್ಬರಿನ ಕೀಲು ಒಣಗಿ ಬಿರುಕು ಬಿಟ್ಟಿತ್ತು. ಅದಕ್ಕೆ ಟ್ರ್ಯಾಕ್ಟರ್ ಟೈರಿನ ತುಂಡು ಕೊಯ್ದು ಹಾಕಿದೆ. ಹಗ್ಗಗಳೆಲ್ಲ ಹೊಸವು, ದನ ಕಟ್ಟುವ ಹಗ್ಗ ಮಾರುವ ಅಂಗಡಿಯವು. ಉಳಿದದ್ದು ಹಾಯಿ. ಢಾಬಾಕ್ಕೆ ಬಂದವರೆಲ್ಲ ಕೈ ತೊಳೆದು ಅದಕ್ಕೇ ಒರೆಸಿ ಒರೆಸಿ ನಡುವೆ ದೊಡ್ಡ ಕಿಂಡಿ ಬಿದ್ದಿತ್ತು. ಅದಕ್ಕೆ ತೇಪೆ ಹಾಕಲು ಗಟ್ಟಿಯಾದ, ನೀರು ಕುಡಿಯದ ಬಟ್ಟೆ ಬೇಕು. ಹೆಂಡತಿ ಹಿತ್ತಲಿಗೆ ಹೋಗಿ ಒಂದು ಫ್ಲೆಕ್ಸ್ ಎಳೆದು ತಂದಳು. ಅದು ನನ್ನ ಫ್ಲೆಕ್ಸು.

ಇದನ್ನು ಸ್ವಲ್ಪ ಬಿಡಿಸಿ ಹೇಳಬೇಕು. ನಮ್ಮ ಕಡೆ ಸೈನಿಕ ನಿವೃತ್ತನಾಗಿ ಊರಿಗೆ ಬಂದರೆ ತೆರೆದ ಜೀಪಿನಲ್ಲಿ ಮೆರವಣಿಗೆ ಆಗಬೇಕು, ಡೊಳ್ಳು ಬೇಕು, ಸರ್ಕಲ್ಲಿನಲ್ಲಿ ಫ್ಲೆಕ್ಸು ಬೇಕು. ಗೆಳೆಯರೆಲ್ಲ ಕೂಡಿ ನನಗೂ ಮಾಡಿದರು. ನಾನು ಜೀವಮಾನವೆಲ್ಲ ಗೇರ್‌ಬಾಕ್ಸ್ ಬಿಚ್ಚಿದವನು. ಫ್ಲೆಕ್ಸಿನವನಿಗೆ ಅದು ಸಾಲಲಿಲ್ಲ. ಯಾರೋ ಕಮಾಂಡೋನ ದೇಹಕ್ಕೆ ನನ್ನ ತಲೆ ಕೂಡಿಸಿ, ಹಿಂದೆ ಎರಡು ವಿಮಾನ ಹಾರಿಸಿ, ಮೀಸೆಯನ್ನು ಒಂದಿಷ್ಟು ತಿರುವಿ, 'ತಾಯ್ನಾಡಿನ ಸೇವೆ ಮುಗಿಸಿ ಮರಳಿ ಬಂದ ವೀರಯೋಧನಿಗೆ ಸ್ವಾಗತ' ಅಂತ ಬರೆದಿದ್ದ. ಜೀಪಿನಲ್ಲಿ ನಿಂತು ಕೈ ಮುಗಿಯುತ್ತ ನಾನು ಆ ಚಿತ್ರದ ಕಡೆ ನೋಡದ ಹಾಗೆ ಹೋಗಿದ್ದೆ. ಸ್ವಾಗತ ಮುಗಿದ ಮೇಲೆ ಅದನ್ನು ಒಲೆಯ ಕಟ್ಟಿಗೆಗೆ ಹೊದಿಸಿದ್ದೆವು, ಎಲ್ಲರ ಫ್ಲೆಕ್ಸಿಗೂ ಕೊನೆಗೆ ಅದೇ ಗತಿ. ಬೇರೆ ಏನಾದರೂ ಸಿಗಲಿಕ್ಕಿಲ್ಲವೇ ಅಂತ ಕೇಳಿದೆ. ಇಷ್ಟು ಗಟ್ಟಿ ಬಟ್ಟೆ ಬೇರೆ ಇಲ್ಲ ಅಂದಳು. ಅವಳು ಬಟ್ಟೆ ಕತ್ತರಿಸುವಾಗ ಅಳತೆ ನೋಡುತ್ತಾಳೆಯೇ ಹೊರತು ಮುಖ ನೋಡುವುದಿಲ್ಲ. ದಪ್ಪ ಸೂಜಿ ಹಾಕಿ, ಮಷೀನು ನರಳುವ ಹಾಗೆ ಹೊಲಿದು, ಎತ್ತಿ ತೋರಿಸಿದಾಗ ಹಾಯಿಯ ಒಂದು ಬದಿಗೆ ತಿರುವಿದ ಮೀಸೆಯ ನನ್ನ ಮುಖವಿತ್ತು, ಅದರ ಕೆಳಗೆ ಕೆಂಪು ಅಕ್ಷರದಲ್ಲಿ 'ಮರಳಿ ಬಂದ' ಅನ್ನುವಷ್ಟು ಉಳಿದಿತ್ತು. ಇನ್ನೊಂದು ಬದಿ ಬರೀ ಬಿಳಿ.

ಮೊದಲ ಮುಂಗಾರು ಗಾಳಿ ಬೀಸಿದ ಭಾನುವಾರ ಹಲಗೆಯನ್ನು ಊರ ಹೊರಗಿನ ಡ್ಯಾಮಿಗೆ ಒಯ್ದೆವು. ಹೊಸ ಗಾಡಿ ಬಂದರೆ ಚಕ್ರದ ಕೆಳಗೆ ನಿಂಬೆಹಣ್ಣು ಇಡುವುದು ರೂಢಿ. ಚಕ್ರವಿಲ್ಲದ ಗಾಡಿಗೆ ಎಲ್ಲಿ ಇಡುವುದು ಅಂತ ನಾವಿಬ್ಬರೂ ಸ್ವಲ್ಪ ಹೊತ್ತು ಯೋಚಿಸಿದೆವು. ಕಡೆಗೆ ಅವಳು ಅದನ್ನು ಸೀಳಿನೊಳಗೆ ಹಾಕಿದಳು, ನಿಂಬೆಹಣ್ಣು ಆ ಕಡೆಯಿಂದ ನೀರಿಗೆ ಬಿದ್ದು ನಮಗಿಂತ ಮೊದಲು ತೇಲಿಕೊಂಡು ಹೋಯಿತು.

ಆಗ ಅವಳು ತನ್ನ ಕರಾರು ಹೇಳಿದಳು. ದಂಡೆಯ ಕಲ್ಲಿನ ಮೇಲೆ ಕುಳಿತು, ನೀರಿನ ಕಡೆ ಬೆರಳು ಮಾಡದೆ, ಗಿರಾಕಿಗೆ ಹೇಳುವ ದನಿಯಲ್ಲಿಯೇ ಹೇಳಿದಳು. "ಹೋಗ್ರಿ, ಬ್ಯಾಡ ಅನ್ನಂಗಿಲ್ಲ. ಆದ್ರ ಗಾಳಿ ಹಂಗಾಮು ಮುಗಿಯೂದ್ರಾಗ ಒಮ್ಮೆರೆ ಹೋದ ದಂಡಿಗೇ ನೀವಾಗಿ ಹೊಳ್ಳಿ ಬರಬೇಕು. ಬಂದ್ರ ಹಲಗಿ ನಿಮ್ದು. ಇಲ್ಲಂದ್ರ ನನ್ನ ಅಂಗಡಿಗಿ ಕಟಿಂಗ್ ಟೇಬಲ್. ಆಚಿ ದಂಡಿಗಿ ನಿಮ್ಮನ್ನ ಹುಡುಕ್ಕೋತ ನಾ ಮಾತ್ರ ಬರಂಗಿಲ್ಲ."

ಕರಾರು ಸಣ್ಣದೆನಿಸಬಹುದು, ಸಣ್ಣದಲ್ಲ. ನಮ್ಮ ಮುಂಗಾರು ಗಾಳಿ ಪಡುವಣದಿಂದ ಬೀಸುತ್ತದೆ. ಬಸವಕಲ್ಯಾಣದ ಕಡೆಯ ದಂಡೆ ಪಡುವಣಕ್ಕಿದೆ, ಆಚೆ ದಂಡೆ ಮೂಡಣಕ್ಕೆ, ಹುಮನಾಬಾದಿನ ಕಡೆಗೆ. ಹೋಗುವುದು ಗಾಳಿಯ ಕೆಲಸ, ಯಾವ ದಡ್ಡನಾದರೂ ಹೋಗುತ್ತಾನೆ. ಬರುವುದಕ್ಕೆ ಗಾಳಿಗೆ ಎದುರು ಅಡ್ಡಡ್ಡ ಓಡಬೇಕು, ಈ ಕಡೆ ಒಮ್ಮೆ, ಆ ಕಡೆ ಒಮ್ಮೆ, ಪ್ರತಿ ಸಲ ಒಂದಿಷ್ಟು ದಂಡೆ ಗೆಲ್ಲುತ್ತ. ಅದಕ್ಕೆ ಹಲಗೆಯ ಸೀಳಿನಿಂದ ನೀರಿಗಿಳಿಯುವ ಒಂದು ಚಿಕ್ಕ ಹಲಗೆ ಇರುತ್ತದೆ, ಡ್ಯಾಗರ್ ಅನ್ನುತ್ತಿದ್ದೆವು. ಅದಿಲ್ಲದಿದ್ದರೆ ಹಲಗೆ ಮುಂದೆ ಓಡಿದಂತೆ ಮಾಡಿ ಪಕ್ಕಕ್ಕೆ ಜಾರುತ್ತದೆ. ನನ್ನ ಸಾಮಾನಿನಲ್ಲಿ ಅದೊಂದೇ ಇರಲಿಲ್ಲ. ಅದಿಲ್ಲದೆಯೂ ನಡೆಸಿಯೇನು ಅನ್ನುವ ಹಮ್ಮು ಮಾತ್ರ ಇತ್ತು.

ಕಿತ್ತಳೆ ಜಾಕೀಟು ತೊಟ್ಟೆ, ಅದರಿಂದ ಇನ್ನೂ ಒಗ್ಗರಣೆಯ ವಾಸನೆ ಬರುತ್ತಿತ್ತು. ಹಲಗೆ ಹತ್ತಿದೆ, ಬಿದ್ದೆ. ಹತ್ತಿದೆ, ಬಿದ್ದೆ. ನೀರಿನಿಂದ ಹಾಯಿಯನ್ನು ಹಗ್ಗ ಹಿಡಿದು ಎತ್ತುವಾಗ ಸೊಂಟದಿಂದ ಬಂದ ಶಬ್ದ ಹಳೆಯ ಲಾರಿಯ ಬಾಗಿಲಿನದು. ಪ್ರತಿ ಸಲ ಬೀಳುವಾಗಲೂ ವೀರಯೋಧನ ಮುಖವೇ ಮೊದಲು ನೀರಿಗೆ ಅಪ್ಪಳಿಸುತ್ತಿತ್ತು. ದಂಡೆಯ ಮೇಲೆ ಎಮ್ಮೆ ತೊಳೆಯುತ್ತಿದ್ದವರು ಕೆಲಸ ಬಿಟ್ಟು ಕುಳಿತರು. ಜಟ್ಟಿ ಕೆಳಗೆ ಬಿದ್ದರೂ ಮೀಸೆ ಮಣ್ಣಾಗಲಿಲ್ಲ ಅನ್ನುತ್ತಾರೆ. ನನ್ನ ಮೀಸೆ ಎರಡೆರಡು ಇದ್ದವು, ಎರಡೂ ಕೆಸರಾದವು.

ಆದರೆ ಒಂದು ಸಲ ಹಾಯಿ ಎದ್ದು ನಿಂತಿತು. ಗಾಳಿ ಅದರೊಳಗೆ ತುಂಬಿತು, ಕೈಗೆ ಭಾರ ಬಂತು, ಕಾಲ ಕೆಳಗೆ ನೀರು ಸರಸರ ಅಂದಿತು. ನನಗೆ ಕಣ್ಣಲ್ಲಿ ನೀರು ಬಂತು, ಅದು ಡ್ಯಾಮಿನ ನೀರಲ್ಲ. ಇಪ್ಪತ್ತು ವರ್ಷ ಈ ದೇಹಕ್ಕೆ ಮರೆತೇಹೋಗಿದೆ ಅಂದುಕೊಂಡಿದ್ದು ಮರೆತಿರಲಿಲ್ಲ. ಆ ಸಂತೋಷದಲ್ಲಿ ತಿರುಗುವುದು ನೆನಪಾಗುವ ಹೊತ್ತಿಗೆ ಆಚೆ ದಂಡೆ ಬಂದುಬಿಟ್ಟಿತು.

ಆಚೆ ದಂಡೆಯಲ್ಲಿ ಒಬ್ಬ ಅಜ್ಜಿ ಆಡು ಮೇಯಿಸುತ್ತಿದ್ದಳು. ನೀರಿನಿಂದ ಎದ್ದು ಬಂದ ಕಿತ್ತಳೆ ಜಾಕೀಟಿನವನನ್ನೂ ಅವನ ಹಿಂದೆ ಬಿದ್ದ ಅವನದೇ ಮುಖವನ್ನೂ ಬದಲಿಸಿ ಬದಲಿಸಿ ನೋಡಿ, ಯಾವ ಪಾರ್ಟಿ ಅಂತ ಕೇಳಿದಳು. ಎಲೆಕ್ಷನ್ನಿಗೆ ನಿಂತಿಲ್ಲ ಅಂದೆ. ನಂಬಲಿಲ್ಲ. ಆದರೂ ತನ್ನ ಬುತ್ತಿಯಿಂದ ರೊಟ್ಟಿ, ಶೇಂಗಾ ಹಿಂಡಿ ಕೊಟ್ಟಳು. ತಿಂದು, ಹಾಯಿ ಸುತ್ತಿ, ಒಂದು ಟಮ್‌ಟಮ್ ಹಿಡಿದು, ಡ್ಯಾಮಿನ ಕಟ್ಟೆ ಸುತ್ತುಹಾಕಿ, ಕತ್ತಲಾಗುವ ಮುಂಚೆ ಹೋದ ದಂಡೆಗೆ ಬಂದೆ. ಹೆಂಡತಿ ಅದೇ ಕಲ್ಲಿನ ಮೇಲೆ ಕುಳಿತಿದ್ದಳು. ಟಮ್‌ಟಮ್ಮಿನಲ್ಲಿ ಬಂದದ್ದು ಲೆಕ್ಕಕ್ಕಿಲ್ಲ ಅಂದಳು.

ಮುಂದಿನ ಭಾನುವಾರಗಳೂ ಹೀಗೆಯೇ ಹೋದವು. ನಾನು ಪಡುವಣದಲ್ಲಿ ನೀರಿಗಿಳಿಯುವುದು, ಮೂಡಣದಲ್ಲಿ ಅಜ್ಜಿಯ ರೊಟ್ಟಿ ತಿನ್ನುವುದು. ಅಜ್ಜಿ ಬರಬರುತ್ತ ಒಂದು ರೊಟ್ಟಿ ಹೆಚ್ಚು ಕಟ್ಟಿಕೊಂಡು ಬರತೊಡಗಿದಳು. ಗಾಳಿ ಬಂದಾಗ ತೂರಿಕೋ ಅಂತಾರ, ನೀವು ನಿಮ್ಮನ್ನೇ ತೂರ್ಕೊಳ್ಳಾಕತ್ತೀರಲ್ಲ ಅಂತ ನಕ್ಕಳು. ಊರಲ್ಲಿ ಸುದ್ದಿ ಹಬ್ಬಿ, ಹುಮನಾಬಾದಿನ ಬಸ್ಸಿನ ಕಂಡಕ್ಟರ್ ಕೂಡ ಟಿಕೇಟು ಹರಿಯುತ್ತ, ಭಾನುವಾರ ಬಸ್ಸು ಬ್ಯಾಡೇನ್ರಿ, ಗಾಳಿಮ್ಯಾಲೇ ಬರ್ತೀರಂತಲ್ಲ ಅಂದ. ಹಾಯಿಯ ಮೇಲಿನ 'ಮರಳಿ ಬಂದ' ಅನ್ನುವ ಎರಡು ಪದ ಓದಿ ಓಣಿಯ ಜನ ಪಡುತ್ತಿದ್ದ ಸಂತೋಷಕ್ಕೆ ಮಿತಿಯಿರಲಿಲ್ಲ. ನಾನು ಮೊದಮೊದಲು ಗಾಳಿಯನ್ನು ಬೈದೆ. ಆಮೇಲೆ ಟ್ರ್ಯಾಕ್ಟರ್ ಟೈರನ್ನು ಬೈದೆ, ಆಮೇಲೆ ಹೆಂಡತಿಯ ಹೊಲಿಗೆಯ ಬಗ್ಗೆ ಏನೋ ಅಂದೆ. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ ಎಂದು ಅವಳು ಮಷೀನಿನಿಂದ ಕಣ್ಣೆತ್ತದೆ ಅಂದಳು. ಅವಳ ಗಿರಾಕಿಗಳೂ ನಕ್ಕರು. ನನಗೆ ಸಿಟ್ಟು ಬಂತು. ನಾನು ಸಿಟ್ಟಿನ ಮನುಷ್ಯ, ಮರೆಮಾಚುವುದೇನಿದೆ. ಎರಡು ದಿನ ಮಾತು ಬಿಟ್ಟೆ. ಅವಳಿಗೆ ಅದು ಗೊತ್ತಾಗಲೇ ಇಲ್ಲ. ಮಾತಿಲ್ಲದ ನನ್ನ ಜೊತೆ ಸಂಸಾರ ಮಾಡಿ ಅವಳಿಗೆ ಎಷ್ಟೋ ವರ್ಷದ ರೂಢಿ.

ಮಾತು ಮತ್ತೆ ಶುರುವಾದ ದಿನ ಊಟಕ್ಕೆ ಬಡಿಸುತ್ತ ಅವಳು ಒಂದು ವಿಷಯ ಹೇಳಿದಳು. ರಜೆ ಮುಗಿದಾಗಲೆಲ್ಲ ನಿಮ್ಮನ್ನು ಕಲಬುರಗಿ ಸ್ಟೇಷನ್ನಿಗೆ ಬಿಡಲು ಬರುತ್ತಿದ್ದೆನಲ್ಲ, ರೈಲು ಹೋದ ಮೇಲೆ ಏನು ಮಾಡುತ್ತಿದ್ದೆ ಗೊತ್ತೇ ಅಂತ ಕೇಳಿದಳು. ನನಗೆ ಗೊತ್ತಿರಲಿಲ್ಲ, ನಾನು ರೈಲಿನಲ್ಲಿರುತ್ತಿದ್ದೆ. ಹೊರಗೆ ಹೋಗುವ ಬದಲು ಪ್ಲ್ಯಾಟ್‌ಫಾರ್ಮಿನ ಮೇಲೆಯೇ ಕುಳಿತು, ಆ ಕಡೆಯಿಂದ ಬರುವ ಮುಂದಿನ ರೈಲು ಬರುವವರೆಗೆ ಇರುತ್ತಿದ್ದಳಂತೆ. ನಾನು ಅದರಲ್ಲಿ ಇರುವುದಿಲ್ಲ ಅಂತ ಗೊತ್ತಿತ್ತು, ಸುಮ್ಮನೆ ನೋಡಿ ಹೋಗುವುದು. ಈಗ ಭಾನುವಾರಕ್ಕೊಮ್ಮೆ ಮತ್ತೆ ಅದೇ ಕೂರುವ ಕೆಲಸ ಹಚ್ಚಿದ್ದೀರಿ ಅಂದಳು. ಬೈಗುಳವಾಗಿರಲಿಲ್ಲ ಅದು. ಪಲ್ಯ ಹಾಕಲೇ ಅಂತ ಕೇಳಿದ ಹಾಗೆ ಹೇಳಿದಳು, ಆಮೇಲೆ ಪಲ್ಯವನ್ನೂ ಹಾಕಿದಳು. ಅಲ್ಲಿಯವರೆಗೆ ನನಗೆ ಕರಾರು ಹಲಗೆಯ ಮೇಲಿನದು ಅನ್ನಿಸಿತ್ತು. ಆ ರಾತ್ರಿಯಿಂದ, ಹೇಗಾದರೂ ಮಾಡಿ ಒಂದು ಸಲ ಅವಳು ಕುಳಿತ ಕಲ್ಲಿನ ಮುಂದೆಯೇ ಬಂದು ಇಳಿಯಬೇಕು ಅನ್ನಿಸಿತು. ಕಟಿಂಗ್ ಟೇಬಲ್ ಬೇಕಾದರೆ ನಾನೇ ಇನ್ನೊಂದು ಬೆಸುಗೆ ಹಾಕಿ ಕೊಟ್ಟೇನು.

ಡ್ಯಾಗರ್ ಇಲ್ಲದೆ ಅದು ಆಗದ ಮಾತು. ಪ್ಲೈವುಡ್ಡಿನಲ್ಲಿ ಒಂದು ಮಾಡಿದೆ, ನೀರು ಕುಡಿದು ಹಪ್ಪಳವಾಯಿತು. ಇನ್ನೊಂದು ಮಾಡಿದೆ, ಮುರಿಯಿತು. ಹಂಗಾಮು ಇಳಿಯುತ್ತ ಬಂದಿತ್ತು, ಶ್ರಾವಣದ ಗಾಳಿ ಆಗಲೇ ಮಧ್ಯೆ ಮಧ್ಯೆ ದಣಿದು ನಿಲ್ಲತೊಡಗಿತ್ತು. ಒಂದು ಸಂಜೆ ಬಸ್ಸು ತಪ್ಪಿ ಮತ್ತೆ ಢಾಬಾಕ್ಕೆ ಹೋದೆ. ನನ್ನ ಹೊಸ ಟೇಬಲ್ಲಿನ ಮುಂದೆ ಕುಳಿತು, ಒಳಗಿನ ಅಡುಗೆಯವನು ಈರುಳ್ಳಿ ಹೆಚ್ಚುವುದನ್ನು ನೋಡುತ್ತಿದ್ದೆ. ಅವನ ಕೈ ಕೆಳಗಿದ್ದ ಹಲಗೆ ಬಿಳಿಯದು, ಒಂದು ತುದಿ ಅಗಲ, ಇನ್ನೊಂದು ತುದಿ ಮೊಸಳೆ ಬಾಲದ ಹಾಗೆ ಸಣ್ಣ. ನಾನು ಎದ್ದು ಒಳಗೆ ನುಗ್ಗಿದೆ. ಬ್ಯಾಂಕಿನ ಗಾರ್ಡು ಯೂನಿಫಾರ್ಮಿನಲ್ಲಿ ಅಡುಗೆಮನೆಗೆ ನುಗ್ಗಿದ್ದು ನೋಡಿ ಅಡುಗೆಯವನು ಚಾಕು ಕೆಳಗಿಟ್ಟು ಎರಡೂ ಕೈ ಎತ್ತಿದ. ನನ್ನ ಸೇವೆಯಲ್ಲಿ ಶರಣಾದವನು ಅವನೊಬ್ಬನೇ.

ಅದನ್ನು ಬಿಡಿಸಿಕೊಳ್ಳುವುದು ಟೇಬಲ್ಲಿಗಿಂತ ಕಷ್ಟವಾಯಿತು. ಅಂಥ ಹೆಚ್ಚುವ ಹಲಗೆ ಇನ್ನೊಂದು ಸಿಗದು, ಚಾಕು ಮೊಂಡಾಗುವುದಿಲ್ಲ, ತೊಳೆದರೆ ಹೊಸದು ಅಂತ ಅಡುಗೆಯವನ ವಾದ. ಕೊನೆಗೆ ಬಸವಕಲ್ಯಾಣದಿಂದ ಬೇವಿನ ಹಲಗೆ ತಂದು ಕೊಟ್ಟು ಡ್ಯಾಗರನ್ನು ಒಯ್ದೆ. ಎಷ್ಟು ತಿಕ್ಕಿದರೂ ಈರುಳ್ಳಿಯ ವಾಸನೆ ಹೋಗಲಿಲ್ಲ. ಸೀಳಿಗೆ ಇಳಿಸಿದರೆ ಅಳತೆ ಮಾಡಿಸಿದಂತೆ ಕುಳಿತಿತು.

ಆ ಭಾನುವಾರ ಗಾಳಿ ಚೆನ್ನಾಗಿತ್ತು, ಸ್ವಲ್ಪ ಹೆಚ್ಚೇ ಚೆನ್ನಾಗಿತ್ತು. ಹೆಂಡತಿ ಹಳದಿ ಸೀರೆ ಉಟ್ಟು ಕಲ್ಲಿನ ಮೇಲೆ ಕುಳಿತಳು. ನನ್ನ ಫೋನು, ಒಣ ಬಟ್ಟೆ ಅವಳ ಚೀಲದಲ್ಲಿದ್ದವು. ನಾನು ನಡುನೀರಿನವರೆಗೆ ಗಾಳಿಯ ಜೊತೆ ಹೋಗಿ, ಅಲ್ಲಿ ಡ್ಯಾಗರ್ ಕೆಳಗೆ ತುಳಿದು ತಿರುಗಿದೆ. ಹಲಗೆ ಈ ಸಲ ಪಕ್ಕಕ್ಕೆ ಜಾರಲಿಲ್ಲ. ಹಳಿಯ ಮೇಲೆ ಇಟ್ಟಂತೆ ಗಾಳಿಗೆ ಓರೆಯಾಗಿ ಏರಿತು. ಈ ಕಡೆ ಓಡಿದಾಗ ದಂಡೆಗೆ ಹಾಯಿಯ ಮೇಲಿನ ನನ್ನ ಮುಖ ಕಾಣುತ್ತಿತ್ತು, ಆ ಕಡೆ ತಿರುಗಿದಾಗ ಬಿಳಿ ಬೆನ್ನು. ಪ್ರತಿ ತಿರುವಿಗೂ ಕಲ್ಲು ಒಂದಿಷ್ಟು ದೊಡ್ಡದಾಗುತ್ತಿತ್ತು. ಆಗ ಒಂದು ಬಿರುಗಾಳಿ ಬಂದು ನನ್ನನ್ನು ಹಾಯಿ ಸಮೇತ ಎತ್ತಿ ಒಗೆಯಿತು.

ಬೀಳುವುದು ಹೊಸದಲ್ಲ. ಹಾಯಿ ನೀರು ತುಂಬಿಕೊಂಡು ಏಳದೇ ಹೋದದ್ದು ಹೊಸದು. ಹಗ್ಗ ಎಳೆದೆ, ಸೊಂಟ ಕೈಬಿಟ್ಟಿತು. ಹಲಗೆಯ ಮೇಲೆ ಬೋರಲು ಬಿದ್ದುಕೊಂಡು ಉಸಿರು ಎಳೆದುಕೊಂಡೆ. ಎಷ್ಟೋ ಹೊತ್ತು ಹಾಗೆಯೇ ಇದ್ದೆ, ಗಾಳಿ ನನ್ನನ್ನು ಮೂಡಣಕ್ಕೆ ತಳ್ಳುತ್ತಲೇ ಇತ್ತು. ಇಲ್ಲಿಗೆ ಮುಗಿಯಿತು, ಅಜ್ಜಿಯ ರೊಟ್ಟಿಯೇ ಗತಿ ಅಂದುಕೊಂಡೆ. ಆಮೇಲೆ ಏನೋ ಹಟ ಬಂತು. ಹಾಯಿಯ ತುದಿಯನ್ನು ಕೈಯಿಂದ ಎತ್ತಿ ನೀರು ಸುರಿದು, ಒಮ್ಮೆ ಎಳೆದೆ, ಎದ್ದಿತು. ಹಲಗೆಯ ಮೇಲೆ ನಿಂತು ಮತ್ತೆ ಮೊದಲಿನಿಂದ ಅಡ್ಡಡ್ಡ ಓಡತೊಡಗಿದೆ. ಬಿಸಿಲು ಇಳಿಯುವ ಹೊತ್ತಿಗೆ ಹಲಗೆಯ ಮೂತಿ ಕೆಸರಿಗೆ ತಾಗಿತು. ಎದುರಿಗೇ ಅವಳ ಕಲ್ಲು.

ಕಲ್ಲಿನ ಮೇಲೆ ಯಾರೂ ಇರಲಿಲ್ಲ.

ಎಮ್ಮೆ ತೊಳೆಯುವವನೊಬ್ಬ ಹೇಳಿದ. ನಿಮ್ಮ ಪಟ ಬಿದ್ದದ್ದು ಏಳಲೇ ಇಲ್ಲ, ನಿಮ್ಮ ಮನೆಯವರು ಬಹಳ ಹೊತ್ತು ನಿಂತು ನೋಡಿದರು, ಆಮೇಲೆ ಟಮ್‌ಟಮ್ ಹತ್ತಿ ಆಚೆ ದಂಡೆಗೆ ಹೋದರು ಅಂದ. ನೀರಿನ ಆಚೆ ನೋಡಿದೆ. ಅಷ್ಟು ದೂರದಲ್ಲಿ ಒಂದು ಹಳದಿ ಚುಕ್ಕೆ ದಂಡೆಯುದ್ದಕ್ಕೂ ಆ ಕಡೆ ಈ ಕಡೆ ಓಡಾಡುತ್ತಿತ್ತು. ಅವಳು ನನ್ನ ದಂಡೆಯನ್ನು ನೋಡುತ್ತಿರಲಿಲ್ಲ, ನೀರನ್ನು ನೋಡುತ್ತಿದ್ದಳು. ನಾನು ನೀರಿನೊಳಗೆ ಇದ್ದೇನೆ ಅಂತ ಅವಳ ಲೆಕ್ಕ. ಕೂಗಿದೆ, ಗಾಳಿ ಆ ಕಡೆಗೇ ಬೀಸುತ್ತಿದ್ದರೂ ಅಷ್ಟು ದೂರ ದನಿ ಮುಟ್ಟಲಿಲ್ಲ. ಫೋನು ಅವಳ ಚೀಲದಲ್ಲಿತ್ತು. ಹಾಯಿ ಎತ್ತಿ, ಮುಖದ ಬದಿಯನ್ನು ಆ ಕಡೆ ತಿರುಗಿಸಿ ಹಿಡಿದೆ. ಆ ಫ್ಲೆಕ್ಸಿನಿಂದ ಯಾರಿಗಾದರೂ ಉಪಯೋಗವಾದದ್ದಿದ್ದರೆ ಆಗ ಮಾತ್ರ. ಹಳದಿ ಚುಕ್ಕೆ ನಿಂತಿತು. ನಿಂತದ್ದು ಹಾಗೆಯೇ ನೆಲಕ್ಕೆ ಕುಸಿದು ಸಣ್ಣದಾಯಿತು, ಏಳಲಿಲ್ಲ.

ನನಗೆ ಜೀವ ಹಾರಿಹೋಯಿತು. ತಾಸಿನ ಹಿಂದೆ ಅವಳಿಗೆ ಆದದ್ದೇ ನನಗೀಗ ಆಗುತ್ತಿದೆ ಅನ್ನುವುದು ಆ ಹೊತ್ತಿಗೆ ಹೊಳೆಯಲಿಲ್ಲ, ಹಲಗೆ ತಳ್ಳಿ ಹತ್ತಿಬಿಟ್ಟಿದ್ದೆ. ಅಷ್ಟು ಭಾನುವಾರ, ಅಷ್ಟು ಹಟ ಹಿಡಿದು ಗೆದ್ದ ದಂಡೆಯನ್ನು ಬಿಟ್ಟು ಗಾಳಿಯ ಜೊತೆ ಸೀದಾ ಮೂಡಣಕ್ಕೆ ಓಡಿದೆ. ಅಷ್ಟು ಜೋರಾಗಿ ಹರೆಯದಲ್ಲಿಯೂ ಓಡಿದವನಲ್ಲ. ಆದರೂ ಆ ನೀರು ಮುಗಿಯಲೇ ಒಲ್ಲದು ಅನ್ನಿಸಿತು.

ಅವಳಿಗೆ ಏನೂ ಆಗಿರಲಿಲ್ಲ. ಕಾಲು ಚಾಚಿಕೊಂಡು ಕೆಸರಿನಲ್ಲಿ ಕುಳಿತಿದ್ದಳು, ಸೀರೆಯ ಅಂಚು ಮೊಳಕಾಲವರೆಗೆ ತೊಯ್ದಿತ್ತು. ಡ್ಯಾಮಿನ ನೀರಿಗೆ ಎಂದೂ ಬೆರಳು ಅದ್ದದವಳು. ಪಕ್ಕದಲ್ಲಿ ಆಡಿನ ಅಜ್ಜಿ ಅವಳ ಬೆನ್ನು ಸವರುತ್ತಿದ್ದಳು. ನಾನು ಹಲಗೆ ಬಿಟ್ಟು, ಕೆಸರು ತುಳಿದು ಹೋಗಿ ಎದುರಿಗೆ ಕುಳಿತೆ. ಇಬ್ಬರಿಗೂ ಏದುಸಿರು. ಅವಳು ಚೀಲದಿಂದ ಟವೆಲ್ ತೆಗೆದು ನನ್ನ ತಲೆ ಒರೆಸಿದಳು, ಒರೆಸುವುದಕ್ಕಿಂತ ತಿಕ್ಕಿದಳು ಅನ್ನಬೇಕು. ಆಮೇಲೆ ಕೇಳಿದಳು.

"ಅಲ್ಲಿ ಮುಟ್ಟಿದ್ದು ನೋಡೀನಿ. ಹಲಗಿ ನಿಮ್ದೇ ಆತು. ಮತ್ತ ಯಾಕ ಹೊಳ್ಳಿ ಈ ದಂಡಿಗಿ ಬಂದ್ರಿ?"

"ನೀ ಇಲ್ಲಿದ್ದೆಯಲ್ಲ, ಅದಕ್ಕ," ಅಂದೆ.

ಅವಳು ಟವೆಲ್ ಮಡಚಿ ಚೀಲದೊಳಗೆ ಇಟ್ಟಳು.

"ಅಷ್ಟು ವರ್ಷ ನಾ ಮನ್ಯಾಗೇ ಇದ್ದೆನಲ್ಲರಿ. ಆವಾಗ ಯಾವ ಗಾಳಿ ಕಾಯಾಕತ್ತಿದ್ರಿ?"

ಅಜ್ಜಿ ಬುತ್ತಿ ಬಿಚ್ಚಿ ನಮ್ಮಿಬ್ಬರ ಕೈಗೂ ಒಂದೊಂದು ರೊಟ್ಟಿ ಕೊಟ್ಟಳು.